ದೊಡ್ಡ ಪ್ಲಾನ್ ಕೊಳ್ಳುವ ಮೊದಲು ಲಾಗ್ ಫೈಲ್ ಓದಿ

ಸೈಟ್ ನಿಧಾನ ಆಯ್ತು ಅಂದ ತಕ್ಷಣ ಬರುವ ಮೊದಲ ಸಲಹೆ ಒಂದೇ. "ಸರ್ವರ್ ಸಾಕಾಗ್ತಿಲ್ಲ, ದೊಡ್ಡ ಪ್ಲಾನ್ ತಗೊಳ್ಳಿ." ಹೇಳುವವರಿಗೆ ಖರ್ಚಿಲ್ಲ, ಕೇಳುವವರಿಗೆ ಬೇರೆ ದಾರಿ ಗೊತ್ತಿಲ್ಲ. ಸಣ್ಣ ಪ್ರಕಾಶಕರು, ಶಾಲೆಗಳು, ಸಹಕಾರ ಸಂಘಗಳು, ನಾಟಕ ತಂಡಗಳು ಹೀಗೆ ಕಟ್ಟುವ ದುಡ್ಡಿನಲ್ಲಿ ಎಷ್ಟೋ ಪಾಲು ಸುಮ್ನೆ ದಂಡ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಪರಿಚಯದ ಪ್ರಕಾಶಕರೊಬ್ಬರ ಪುಸ್ತಕದಂಗಡಿ ಸೈಟ್ ಇದೆ. 2 ಜಿಬಿ ಮೆಮೊರಿಯ ಬಾಡಿಗೆ ಸರ್ವರ್. ಒಳಗಿರುವುದೆಲ್ಲ ಓಪನ್ ಸೋರ್ಸ್: ಸರ್ವರ್ ನಡೆಸುವ ಡೆಬಿಯನ್ ಲಿನಕ್ಸ್, ಓದುಗರ ಕೋರಿಕೆ ತೆಗೆದುಕೊಳ್ಳುವ ಎಂಜಿನ್‌ಎಕ್ಸ್, ಪುಟ ಕಟ್ಟುವ ಪಿಎಚ್‌ಪಿ, ಮಾಹಿತಿ ಇಡುವ ಡೇಟಾಬೇಸ್ ಮರಿಯಾಡಿಬಿ. ನವೆಂಬರ್‌ನಲ್ಲಿ ರಾಜ್ಯೋತ್ಸವದ ರಿಯಾಯಿತಿ ಶುರುವಾಯಿತು ಅಂದ್ರೆ ಸೈಟ್ ಮಲಗುತ್ತಿತ್ತು. ಪುಟ ತೆರೆಯೋದಿಲ್ಲ, ಕೊನೆಗೆ 504 ಅನ್ನುವ ದೋಷ ಸಂಖ್ಯೆ ಬರುತ್ತದೆ. ಹೋಸ್ಟಿಂಗ್ ಕಂಪನಿಯವರನ್ನು ಕೇಳಿದರೆ "ಸರ್, 8 ಜಿಬಿ ಪ್ಲಾನ್‌ಗೆ ಹೋಗಿ" ಎಂದರು. ಆದರೆ ಸೈಟ್ ಮಲಗಿದ ಹೊತ್ತಿನಲ್ಲೇ ಸರ್ವರ್ ಒಳಗೆ ಹೋಗಿ ನೋಡಿದರೆ ಸಿಪಿಯು ಹೆಚ್ಚುಕಡಿಮೆ ಖಾಲಿ, ಮೆಮೊರಿ ಅರ್ಧಕ್ಕಿಂತ ಜಾಸ್ತಿ ಖಾಲಿ. ಖಾಲಿ ಕೂತಿರುವ ಮೆಷಿನ್ ಬದಲು ಇನ್ನೂ ದೊಡ್ಡ ಮೆಷಿನ್ ತಂದರೆ ಅದೂ ಖಾಲಿ ಕೂರುತ್ತದೆ, ಅಲ್ವಾ?

ಉತ್ತರ ಪಿಎಚ್‌ಪಿ-ಎಫ್‌ಪಿಎಂ (ಪಿಎಚ್‌ಪಿಯನ್ನು ಓಡಿಸುವ ಭಾಗ) ಲಾಗ್‌ನಲ್ಲಿತ್ತು, ಅಂದರೆ ಅದು ನಡೆದದ್ದನ್ನೆಲ್ಲ ಬರೆದಿಡುವ ಫೈಲಿನಲ್ಲಿ. ಒಂದೇ ಸಾಲು, ಮತ್ತೆ ಮತ್ತೆ: ಮ್ಯಾಕ್ಸ್ ಚಿಲ್ಡ್ರನ್ ಮಿತಿ 5 ಮುಟ್ಟಿದೆ, ಹೆಚ್ಚಿಸುವುದನ್ನು ಯೋಚಿಸಿ.

ಏನು ಇದರ ಅರ್ಥ? ಎಂಜಿನ್‌ಎಕ್ಸ್ ತಾನಾಗಿ ಪಿಎಚ್‌ಪಿ ಓಡಿಸುವುದಿಲ್ಲ. ಬಂದ ಕೋರಿಕೆಯನ್ನು ಹಿಂದೆ ಇರುವ ಎಫ್‌ಪಿಎಂಗೆ ದಾಟಿಸುತ್ತದೆ. ಎಂಜಿನ್‌ಎಕ್ಸ್‌ನ ಒಂದು ಪ್ರೊಸೆಸ್ (ಓಡುತ್ತಿರುವ ಒಂದು ಪ್ರತಿ) ಸಾವಿರಾರು ಸಂಪರ್ಕಗಳನ್ನು ಒಟ್ಟಿಗೆ ನೋಡಿಕೊಳ್ಳಬಲ್ಲದು. ಇಗೋರ್ ಸಿಸೋಯೆವ್ 2004ರಲ್ಲಿ ಅದನ್ನು ಹೊರಗೆ ಬಿಟ್ಟಾಗ ಗುರಿ ಇದ್ದದ್ದೇ ಅದು, ಒಂದು ಸರ್ವರ್‌ನಲ್ಲಿ ಹತ್ತು ಸಾವಿರ ಸಂಪರ್ಕ. ಆದರೆ ಪಿಎಚ್‌ಪಿ ಹಾಗಲ್ಲ. ಅದರ ಒಂದು ಪ್ರೊಸೆಸ್ ಒಂದು ಸಲಕ್ಕೆ ಒಬ್ಬರ ಕೆಲಸ ಮಾತ್ರ ಮಾಡುತ್ತದೆ. ಡೆಬಿಯನ್‌ನಲ್ಲಿ ಇನ್‌ಸ್ಟಾಲ್ ಮಾಡಿ ಹಾಗೇ ಬಿಟ್ಟರೆ ಅಂಥವು ಗರಿಷ್ಠ 5, ಲಾಗ್ ಹೇಳಿದ ಮ್ಯಾಕ್ಸ್ ಚಿಲ್ಡ್ರನ್ ಮಿತಿ ಇದೇ. ಈ ಸೈಟ್‌ನಲ್ಲಿ ಅಂಚೆ ವೆಚ್ಚ ತಿಳಿಯಲು ಪ್ರತಿ ಸಲ ಹೊರಗಿನ ಇನ್ನೊಂದು ಸರ್ವರ್ ಅನ್ನು ಕೇಳುವ ಪ್ಲಗಿನ್ (ಸೈಟ್‌ಗೆ ಸೇರಿಸಿದ ಸಣ್ಣ ತಂತ್ರಾಂಶ) ಬೇರೆ ಇತ್ತು. ಆ ಹೊರಗಿನ ಸರ್ವರ್ ಉತ್ತರಿಸಲು ಆರೇಳು ಸೆಕೆಂಡ್ ತೆಗೆದುಕೊಂಡರೆ ನಮ್ಮ ಐದೂ ಪ್ರೊಸೆಸ್ ಸುಮ್ನೆ ಕಾಯುತ್ತಾ ಕೂರುತ್ತವೆ, ಆರನೇ ಓದುಗ ಹೊರಗೆ ಕಾಯುತ್ತಾನೆ, ಅವನ ಹಿಂದೆ ಇನ್ನೂ ನೂರು ಜನ. ಹೀಗೆ 60 ಸೆಕೆಂಡ್ ಕಳೆದರೆ ಎಂಜಿನ್‌ಎಕ್ಸ್ ಕೈಚೆಲ್ಲುತ್ತದೆ. 504 ಅಂದ್ರೆ ಅದೇ. (502 ಬೇರೆ ರೋಗ. ಅದು ಬಂದರೆ ಎಫ್‌ಪಿಎಂ ಓಡುತ್ತಿದೆಯಾ ಇಲ್ಲವಾ ಅಂತ ಮೊದಲು ನೋಡಿ.)

8 ಜಿಬಿ ಮೆಷಿನ್ ಕೊಂಡು ಅದೇ ಫೈಲುಗಳನ್ನು ನಕಲು ಮಾಡಿದ್ದರೆ ಅಲ್ಲೂ 5 ಅಂತಲೇ ಇರುತ್ತಿತ್ತು. ತಿಂಗಳ ಬಾಡಿಗೆ ಮಾತ್ರ ಏರುತ್ತಿತ್ತು.

ಹಾಗಂತ 5 ಅಳಿಸಿ 100 ಅಂತ ಬರೆಯಬೇಡಿ. ಆಗ ಇನ್ನೂ ಕೆಟ್ಟದಾಗುತ್ತದೆ. ಮೆಮೊರಿ ಮುಗಿದರೆ ಲಿನಕ್ಸ್ ಜಾಸ್ತಿ ಮೆಮೊರಿ ಹಿಡಿದಿರುವ ಪ್ರೊಸೆಸ್ ಅನ್ನು ಕೊಲ್ಲುತ್ತದೆ, ಇಂಥ ಸರ್ವರ್‌ಗಳಲ್ಲಿ ಅದು ಎಷ್ಟೋ ಸಲ ಡೇಟಾಬೇಸೇ ಆಗಿರುತ್ತದೆ. ಲೆಕ್ಕ ಹಾಕಿಯೇ ಬರೆಯಬೇಕು. ಇಲ್ಲಿ ಪಿಎಚ್‌ಪಿಯ ಒಂದು ಪ್ರೊಸೆಸ್ ಸುಮಾರು 60 ಎಂಬಿ ಹಿಡಿಯುತ್ತಿತ್ತು. ಡೇಟಾಬೇಸ್‌ಗೆ 500 ಎಂಬಿ, ಉಳಿದ ವ್ಯವಸ್ಥೆಗೆ 300 ಎಂಬಿ ತೆಗೆದಿಟ್ಟರೆ ಪಿಎಚ್‌ಪಿಗೆ 1200 ಎಂಬಿ. ಅಂದರೆ 20 ಪ್ರೊಸೆಸ್. ಸ್ವಲ್ಪ ಜಾಗ ಬಿಟ್ಟು 16 ಇಟ್ಟರೆ ಕ್ಷೇಮ. ಅಂಚೆ ವೆಚ್ಚವನ್ನು ಪ್ರತಿ ಸಲ ಕೇಳದೆ ಒಂದು ದಿನದ ಮಟ್ಟಿಗೆ ನಮ್ಮಲ್ಲೇ ಉಳಿಸಿಕೊಳ್ಳುವಂತೆ ಮಾಡಿದ್ದಾಯಿತು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಇಷ್ಟಾದ ಮೇಲೆ ಕ್ಯಾಶ್, ಅಂದರೆ ಒಮ್ಮೆ ಕಟ್ಟಿದ ಪುಟವನ್ನು ಇಟ್ಟುಕೊಂಡು ಮತ್ತೆ ಅದನ್ನೇ ಕೊಡುವುದು. ಪುಸ್ತಕದ ಪುಟ ಎಲ್ಲರಿಗೂ ಒಂದೇ ಥರ ಕಾಣುತ್ತದೆ. ಅದನ್ನು ಪ್ರತಿಯೊಬ್ಬರಿಗೂ ಹೊಸದಾಗಿ ಕಟ್ಟುವುದು ಯಾಕೆ? ಎಂಜಿನ್‌ಎಕ್ಸ್‌ನಲ್ಲೇ ಒಂದು ನಿಮಿಷ ಇಟ್ಟುಕೊಂಡರೂ ಪಿಎಚ್‌ಪಿ ಮೇಲಿನ ಹೊರೆ ಇಳಿದುಹೋಗುತ್ತದೆ. ಆದರೆ ಲಾಗಿನ್ ಆದವರ ಪುಟ, ಬುಟ್ಟಿಯಲ್ಲಿ ಪುಸ್ತಕ ಹಾಕಿಕೊಂಡವರ ಪುಟ, ಹಣ ಕಟ್ಟುವ ಪುಟ, ಇವನ್ನು ಯಾವ ಕಾರಣಕ್ಕೂ ಕ್ಯಾಶ್ ಮಾಡಬಾರದು. ಕುಕೀ (ಓದುಗರ ಬ್ರೌಸರ್‌ನಲ್ಲಿ ಸೈಟ್ ಇಡುವ ಗುರುತು) ನೋಡಿ ಅಂಥ ಪುಟಗಳನ್ನು ಬಿಟ್ಟುಬಿಡುವ ನಿಯಮ ಬರೆಯಲೇಬೇಕು. ಇಲ್ಲದಿದ್ದರೆ ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣುತ್ತದೆ. ಇದು ಸಣ್ಣ ವಿಷಯ ಅಲ್ಲ.

ಇದೇ ದಾರಿಯಲ್ಲಿ ದೊಡ್ಡವರೂ ನಡೆಯುತ್ತಾರೆ. ಕನ್ನಡ ವಿಕಿಪೀಡಿಯ 2003ರಿಂದ ಇದೆ, ಅದನ್ನು ನಡೆಸುವುದು ಪಿಎಚ್‌ಪಿಯಲ್ಲಿ ಬರೆದ ಮೀಡಿಯಾವಿಕಿ. ಡೇಟಾಬೇಸ್ ನಮ್ಮ ಪ್ರಕಾಶಕರ ಬಳಿ ಇರುವ ಮರಿಯಾಡಿಬಿಯೇ. ಲಾಗಿನ್ ಆಗದ ಓದುಗರಿಗೆ ಬಹಳಷ್ಟು ಪುಟಗಳು ಪಿಎಚ್‌ಪಿವರೆಗೆ ಹೋಗದೆ ಕ್ಯಾಶ್‌ನಿಂದಲೇ ಸಿಗುತ್ತವೆ. ಏಷ್ಯಾದ ಓದುಗರಿಗಾಗಿ 2018ರಲ್ಲಿ ಸಿಂಗಪುರದಲ್ಲಿ ಒಂದು ಕ್ಯಾಶ್ ಕೇಂದ್ರವನ್ನೇ ತೆರೆದರು. ದೇಣಿಗೆಯಲ್ಲಿ ನಡೆಯುವ ಸಂಸ್ಥೆ, ದುಡ್ಡು ಎಲ್ಲಿ ಹಾಕಬೇಕು ಅನ್ನುವುದು ಅವರಿಗೆ ಗೊತ್ತು.

ಓಪನ್ ಸೋರ್ಸ್ ಅಂದ್ರೆ ಬಿಟ್ಟಿ ಸಿಗುತ್ತದೆ ಅನ್ನುವುದಷ್ಟೇ ನಮ್ಮ ತಲೆಯಲ್ಲಿ ಕೂತಿದೆ. ನನ್ನ ಮಟ್ಟಿಗೆ ಅದು ಎರಡನೆಯ ಮಾತು. ಒಳಗೆ ಏನಾಗುತ್ತಿದೆ ಅಂತ ನಾವೇ ತೆರೆದು ನೋಡಬಹುದು, ಪ್ರತಿ ಸೆಟ್ಟಿಂಗ್‌ಗೂ ದಾಖಲೆ ಇದೆ, ಬದಲಿಸಲು ಯಾರ ಅನುಮತಿಯೂ ಬೇಡ. ಆ ಹಕ್ಕು ಕೈಯಲ್ಲಿದ್ದೂ ಬಳಸದಿದ್ದರೆ ಬಾಡಿಗೆ ಬಿಲ್ ಒಂದೇ ಉಳಿಯುತ್ತದೆ. ನಿಮ್ಮ ಸಂಸ್ಥೆಯ ಸೈಟ್ ಇದ್ದರೆ, ಸರ್ವರ್‌ನ ರೂಟ್ ಪಾಸ್‌ವರ್ಡ್ (ಎಲ್ಲವನ್ನೂ ಬದಲಿಸುವ ಅಧಿಕಾರ ಕೊಡುವ ಪಾಸ್‌ವರ್ಡ್) ಯಾರ ಹತ್ತಿರ ಇದೆ ಅಂತ ದಯವಿಟ್ಟು ಇವತ್ತೇ ಕೇಳಿ. ಸೈಟ್ ಮಾಡಿಕೊಟ್ಟ ಹುಡುಗ ಊರು ಬಿಟ್ಟ ಮೇಲೆ ಕೇಳಿ ಪ್ರಯೋಜನ ಇಲ್ಲ.

ದೊಡ್ಡ ಮೆಷಿನ್ ಬೇಕಾಗುವ ದಿನವೂ ಬರಬಹುದು. ಕ್ಯಾಶ್ ಸರಿಯಿದೆ, ಡೇಟಾಬೇಸ್‌ನ ನಿಧಾನದ ಕ್ವೆರಿಗಳಿಗೆ (ಹುಡುಕಾಟಗಳಿಗೆ) ಬೇಗ ಹುಡುಕಿಕೊಡುವ ಇಂಡೆಕ್ಸ್ ಹಾಕಿದ್ದೀರಿ, 16 ಪ್ರೊಸೆಸ್‌ಗಳೂ ದುಡಿಯುತ್ತಿವೆ, ಆದರೂ ಸಿಪಿಯು ಗಂಟೆಗಟ್ಟಲೆ ತುಂಬಿಯೇ ಇದೆ ಅಂದ್ರೆ ಧಾರಾಳವಾಗಿ ಕೊಳ್ಳಿ. ಹೊಸ ಮೆಷಿನ್‌ನ ಮೆಮೊರಿಗೆ ತಕ್ಕಂತೆ ಮೇಲಿನ ಲೆಕ್ಕವನ್ನು ಇನ್ನೊಮ್ಮೆ ಹಾಕಬೇಕು, ಅಷ್ಟೇ.