ಮೇಷ್ಟ್ರು ಬೇಕಂತೆ, ಮೇಷ್ಟ್ರು!

ನಮ್ಮ ಕಡೆಯ ಪೋಷಕರಿಗೆ ಆಸೆ ಜಾಸ್ತಿ. ಮಕ್ಕಳಿಗೆ ಪುಸ್ತಕ ಕೊಟ್ಟಾಯಿತು, ಬಟ್ಟೆ ಕೊಟ್ಟಾಯಿತು, ಬಿಸಿಯೂಟ ಬಡಿಸಿದ್ದಾಯಿತು, 2013ರಿಂದ ಹಾಲನ್ನೂ ಕುಡಿಸಿದ್ದಾಯಿತು. ಇಷ್ಟೆಲ್ಲ ಆದ ಮೇಲೂ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎದ್ದು ನಿಂತು, "ಗಣಿತಕ್ಕೆ ಒಬ್ಬರು ಮೇಷ್ಟ್ರನ್ನ ಕೊಡಿ ಸಾರ್" ಅನ್ನುತ್ತಾರೆ. ಶಾಲೆ ಅಂದ ಮೇಲೆ ಪಾಠ ಇರಲೇಬೇಕು ಅನ್ನುವ ಹಳೇ ಕಾಲದ ನಂಬಿಕೆ ಇನ್ನೂ ಹೋಗಿಲ್ಲ.

ಮೇಷ್ಟ್ರು ಇಲ್ಲ ಅಂದವರು ಯಾರು? ಇದ್ದಾರೆ. ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಬಂದವರೇ ಹಾಜರಾತಿ ಹಿಡಿಯಬೇಕು, ಊಟದ ಲೆಕ್ಕ ಕಳಿಸಬೇಕು, ಹಾಲಿನ ಪುಡಿ ಎಷ್ಟು ಉಳಿದಿದೆ ನೋಡಬೇಕು. ಆಮೇಲೆ ಮೊಟ್ಟೆ. ಒಂದು ಮೊಟ್ಟೆಗೆ ಸರ್ಕಾರ ಕೊಟ್ಟದ್ದು 6 ರೂಪಾಯಿ. ಅದರಲ್ಲೇ ಮೊಟ್ಟೆ ಕೊಳ್ಳಬೇಕು, ಶಾಲೆಗೆ ತರಬೇಕು, ಬೇಯಿಸಬೇಕು, ಸುಲಿಯಬೇಕು. ಅಂಗಡಿಯಲ್ಲಿ ಹಸಿ ಮೊಟ್ಟೆಯೇ ಆರು ದಾಟಿದ ದಿನ ಮಿಕ್ಕಿದ್ದು ಹೆಡ್‌ಮೇಷ್ಟ್ರ ಜೇಬಿನಿಂದ. ಲಾಭ-ನಷ್ಟದ ಪಾಠ ನಡೆಯುತ್ತಿಲ್ಲ ಅನ್ನುವ ಪೋಷಕರು ಒಮ್ಮೆ ಅಡುಗೆ ಕೋಣೆಗೆ ಬಂದು ನೋಡಲಿ. ಲಾಭದ ಭಾಗ ಮಾತ್ರ ಬಾಕಿ ಇದೆ ಅಷ್ಟೆ.

2025ರ ದಸರಾದಲ್ಲಂತೂ ಮೇಷ್ಟ್ರುಗಳು ಮನೆ ಬಾಗಿಲಿಗೇ ಬಂದರು. ಸೆಪ್ಟೆಂಬರ್ 22ಕ್ಕೆ ಜಾತಿ ಸಮೀಕ್ಷೆ ಶುರುವಾಯಿತಲ್ವಾ, ಒಂದೊಂದು ಮನೆಗೆ 60 ಪ್ರಶ್ನೆ. ಆ್ಯಪ್ ಒಮ್ಮೆ ತೆರೆದುಕೊಳ್ಳುತ್ತದೆ, ಒಮ್ಮೆ ಮುನಿಸಿಕೊಳ್ಳುತ್ತದೆ. ನೆಟ್‌ವರ್ಕ್ ಹುಡುಕಿಕೊಂಡು ನಮ್ಮೂರ ಮೇಷ್ಟ್ರು ನೀರಿನ ಟ್ಯಾಂಕ್ ಹತ್ತಿದ್ದರು. ಹೇಳಿದ ದಿನಕ್ಕೆ ಕೆಲಸ ಮುಗಿಯಲಿಲ್ಲ. ಹಾಗಂತ ಸಮೀಕ್ಷೆ ನಿಲ್ಲಿಸುವುದಕ್ಕಾಗುತ್ತದಾ? ಶಾಲೆ ನಿಲ್ಲಿಸಿದರು. ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆ ಅಕ್ಟೋಬರ್ 18ರವರೆಗೆ ಬೆಳೆಯಿತು. ಪಕ್ಕದ ಕಾನ್ವೆಂಟಿನ ಹಳದಿ ವ್ಯಾನು ಮಾತ್ರ ದಿನಾ ಬಂದು ಹೋಗುತ್ತಿತ್ತು.

ಆಗಲೇ ನಮ್ಮ ಬೀದಿಯಲ್ಲಿ ನಡೆದ ಮಾತು ಇದು.

"ನಿಮ್ಮ ಹುಡುಗ ಶಾಲೆಗೆ ಹೋಗ್ತಿದ್ದಾನಾ?" ಮೇಷ್ಟ್ರು ಮೊಬೈಲಿನಿಂದ ತಲೆ ಎತ್ತದೆ ಕೇಳಿದರು.

"ನೀವೇ ಇಲ್ಲಿದ್ದೀರಲ್ಲ ಸಾರ್, ಅವನು ಅಲ್ಲಿ ಹೋಗಿ ಏನ್ಮಾಡ್ತಾನೆ?"

"ಹೌದು, ಇಲ್ಲ, ಎರಡರಲ್ಲಿ ಒಂದು ಹೇಳಿ ಯಜಮಾನ್ರೇ. ಇದರಲ್ಲಿ ಬೇರೆ ಉತ್ತರಕ್ಕೆ ಜಾಗ ಇಲ್ಲ."

ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಮೇಷ್ಟ್ರುಗಳನ್ನು ಪಾಠ ಬಿಟ್ಟು ಬೇರೆ ಕೆಲಸಕ್ಕೆ ಹಚ್ಚುವ ಹಾಗಿಲ್ಲ. ಹತ್ತು ವರ್ಷಕ್ಕೊಮ್ಮೆ ಬರುವ ಜನಗಣತಿ, ಚುನಾವಣೆ, ನೆರೆ-ಬರದಂಥ ವಿಪತ್ತು, ಇಷ್ಟಕ್ಕೆ ಮಾತ್ರ ವಿನಾಯಿತಿ. ಹಾಗಾದರೆ ಈ ಸಮೀಕ್ಷೆ ಯಾವ ಲೆಕ್ಕ? ಜನಗಣತಿ ಅಲ್ಲ, ಚುನಾವಣೆ ಅಲ್ಲ. ಉಳಿದದ್ದು ವಿಪತ್ತು ಒಂದೇ. ಟ್ಯಾಂಕ್ ಮೇಲೆ ನಿಂತಿದ್ದ ಮೇಷ್ಟ್ರನ್ನು ಕೇಳಿದ್ದರೆ ಅವರೂ ಹೂಂ ಅನ್ನುತ್ತಿದ್ದರು.

ಪೋಷಕರು ತಾವಾಗಿ ಏನಾದರೂ ಮಾಡಬಾರದೇ ಅನ್ನಬಹುದು. ಅದಕ್ಕೂ ಅವಕಾಶ ಕೊಟ್ಟಿದ್ದರು. 2022ರ ಅಕ್ಟೋಬರ್‌ನಲ್ಲಿ, ಮಗುವಿನ ಲೆಕ್ಕದಲ್ಲಿ ತಿಂಗಳಿಗೆ 100 ರೂಪಾಯಿ ದೇಣಿಗೆ ಕೊಡಬಹುದು ಅಂತ ಸುತ್ತೋಲೆ ಬಂತು. ಗಲಾಟೆಯಾಯಿತು, ಕೆಲವೇ ದಿನದಲ್ಲಿ ವಾಪಸ್ ಹೋಯಿತು. ಮರುತಿಂಗಳೇ ಹೊಸ ಕೊಠಡಿಗಳಿಗೆ ಕೇಸರಿ ಬಣ್ಣ ಹೊಡೆಯಬೇಕೋ ಬೇಡವೋ ಅಂತ ಇಡೀ ರಾಜ್ಯ ಚರ್ಚೆಗೆ ಕೂತಿತು. ನಮ್ಮ ಶಾಲೆಯಲ್ಲಿ ಈ ಜಗಳ ಹತ್ತಲಿಲ್ಲ. ಮಳೆ ನೀರು ಇಳಿದು ಇಳಿದು ಗೋಡೆಗೆ ತಾನಾಗಿಯೇ ಒಂದು ಬಣ್ಣ ಬಂದಿದೆ, ಅದು ಯಾವ ಪಕ್ಷದ್ದೂ ಅಲ್ಲ.

ಮತ್ತೆ ಸಭೆಗೆ ಬರೋಣ. ಈ ಎಸ್‌ಡಿಎಂಸಿ ಅನ್ನುವುದು ನಮ್ಮ ರಾಜ್ಯದಲ್ಲಿ 2001ರಿಂದ ಇದೆ. ಶಾಲೆಯ ಉಸ್ತುವಾರಿ ಪೋಷಕರ ಕೈಯಲ್ಲಿರಲಿ ಅನ್ನುವ ಒಳ್ಳೆಯ ಯೋಚನೆ. ಶಿಕ್ಷಣ ಹಕ್ಕು ಕಾಯ್ದೆ ಕೂಡ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧ ಜನ ಹೆಂಗಸರಿರಬೇಕು ಅನ್ನುತ್ತದೆ. ನಮ್ಮಲ್ಲಿ ಎಲ್ಲಾ ಕಾಯ್ದೆ ಪ್ರಕಾರವೇ. ಹೆಂಗಸರ ಹೆಸರು ಅರ್ಧ ಇದೆ, ಸಹಿ ಹಾಕಲು ಅವರ ಗಂಡಂದಿರು ಬರುತ್ತಾರೆ.

ಆವತ್ತು ಮಾತ್ರ ಒಬ್ಬ ತಾಯಿ ತಾವೇ ಬಂದುಬಿಟ್ಟಿದ್ದರು. ಗಣಿತದ ಮೇಷ್ಟ್ರು ಬೇಕು ಅಂದದ್ದು ಅವರೇ. ಅತಿಥಿ ಶಿಕ್ಷಕರನ್ನು ಕೊಡೋಣ ಅಂದರು ಇಲಾಖೆಯಿಂದ ಬಂದವರು. ಪ್ರಾಥಮಿಕ ಶಾಲೆಗೆ ತಿಂಗಳಿಗೆ 12 ಸಾವಿರ. ಅದೂ ಕೈಗೆ ಸಿಕ್ಕಾಗ ಸಿಕ್ಕಿತು. ಕಳೆದ ಸಲ ಬಂದಿದ್ದ ಹುಡುಗ ಅದಕ್ಕಿಂತ ಜಾಸ್ತಿ ಸಿಗುತ್ತದೆ ಅಂತ ಬೆಂಗಳೂರಿಗೆ ಹೋಗಿ ಪಾರ್ಸೆಲ್ ಹಂಚುತ್ತಿದ್ದಾನೆ.

"ಮುಂದೆ ಎಸ್‌ಎಸ್‌ಎಲ್‌ಸಿಗೆ ಏನು ಗತಿ ಸಾರ್?" ತಾಯಿ ಬಿಡಲಿಲ್ಲ.

ಇಲಾಖೆಯವರು ನಕ್ಕರು. ಅದಕ್ಕೆಲ್ಲ ವ್ಯವಸ್ಥೆಯಾಗಿದೆಯಂತೆ. ಪಾಸಾಗಲು ಶೇಕಡಾ 35 ಬೇಕಿತ್ತು, ಈಗ 33 ಸಾಕು. ಒಂದೊಂದು ವಿಷಯದಲ್ಲಿ ಶೇಕಡಾ 30 ಇದ್ದು, ಒಟ್ಟು 625ಕ್ಕೆ 206 ಬಂದರೆ ಮುಗಿಯಿತು. ಭಾಗಿಸಿ ನೋಡಿದರೆ 206 ಅನ್ನುವುದು 33 ಕೂಡ ಆಗುವುದಿಲ್ಲ, 32.96. ಆದರೆ ಇದು ಗೊತ್ತಾಗಬೇಕಾದರೆ ಗಣಿತ ಬರಬೇಕು. ನಮ್ಮ ಶಾಲೆಯಿಂದ ತಕರಾರು ಬರುವ ಭಯವಿಲ್ಲ.

ಕೊನೆಗೆ ಆ ತಾಯಿ, "ನಾನು ಕೇಳಿದ್ದನ್ನ ನಡಾವಳಿ ಪುಸ್ತಕದಲ್ಲಿ ಬರೀರಿ" ಅಂತ ಪಟ್ಟು ಹಿಡಿದರು. ಹೆಡ್‌ಮೇಷ್ಟ್ರು ಪಾಪ, ಒಳ್ಳೆಯ ಮನುಷ್ಯ, ಮುಖ ಸಣ್ಣ ಮಾಡಿಕೊಂಡರು. ನಡಾವಳಿಯನ್ನು ಹಿಂದಿನ ದಿನವೇ ಬರೆದು, ಫೋಟೊ ತೆಗೆದು ಮೇಲಿನವರಿಗೆ ಕಳಿಸಿಯಾಗಿತ್ತು. ಪುಸ್ತಕ ತೆಗೆದು ತೋರಿಸಿದರು. "ಶಾಲೆಯ ಪ್ರಗತಿ ಕಂಡು ಪೋಷಕರು ಹರ್ಷ ವ್ಯಕ್ತಪಡಿಸಿದರು" ಅಂತ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಹರ್ಷಪಟ್ಟವರ ಸಹಿಗಳು. ಆ ತಾಯಿಯದೂ ಇತ್ತು, ಅವರ ಗಂಡನ ಕೈಬರಹದಲ್ಲಿ.