ಒಳಲೆ ಬರಿದಾಗಲೇಬೇಕೇ?

ತಿಪಟೂರಿನ ಕಡೆ ಕೂಸು ನೋಡಲು ಬಂದವರು ಮೊದಲು ಕೇಳುವುದು ತೂಕವನ್ನೇ. ಕೆನ್ನೆ ತುಂಬಿಕೊಂಡಿದ್ದರೆ ಅಜ್ಜಿಗೆ ಹೆಮ್ಮೆ. ಜೊತೆಗೇ ದೃಷ್ಟಿ ತೆಗೆಯುವ ಕೆಲಸ. ನಾನಿರುವ ಇಂಗ್ಲೆಂಡಿನ ಲೆಸ್ಟರ್‌ನಲ್ಲಿಯೂ ತೂಕಕ್ಕೆ ಬೆಲೆಯಿದೆ. ಹೆರಿಗೆಯಾದ ಎರಡು ವಾರಕ್ಕೆ ಹೆಲ್ತ್ ವಿಸಿಟರ್ (ಎಳೆಮಕ್ಕಳ ಆರೋಗ್ಯ ನೋಡುವ ನರ್ಸ್) ಮನೆಗೆ ಬರುತ್ತಾರೆ, ಕೂಸಿನ ಆರೋಗ್ಯದ ದಾಖಲೆಯಾದ ಕೆಂಪು ಪುಸ್ತಕದಲ್ಲಿ ತೂಕ ಗುರುತಿಸುತ್ತಾರೆ. ಆದರೆ ಕೂಸು ಸಾಕೆಂದು ಮುಖ ತಿರುಗಿಸಿದರೆ ಬಾಟಲಿಯಲ್ಲಿ ಉಳಿದ ಹಾಲನ್ನು ಚೆಲ್ಲಿಬಿಡಿ ಎನ್ನುತ್ತಾರೆ. ಹಾಲು ಚೆಲ್ಲುವುದೆಂದರೆ ನಮ್ಮವರಿಗೆ ಪಾಪ.

ತಾಯಿಯ ಮೈತೂಕ ಹೆಚ್ಚಿರುವ ಮನೆಗಳಲ್ಲಿ, ಕೂಸು ಸಾಕೆಂದಾಗ ನಿಲ್ಲಿಸುವ ಈ ವಿಷಯ ಇನ್ನೂ ಮುಖ್ಯ. ಅಂಥ ತಾಯಂದಿರಿಗೆ, ಅದರಲ್ಲೂ ಬಸಿರಿನಲ್ಲಿ ಸಕ್ಕರೆ ಕಾಯಿಲೆ ಬಂದಿದ್ದರೆ, ಹುಟ್ಟುವ ಕೂಸೇ ದಪ್ಪಗಿರುವ ಸಂಭವ ಹೆಚ್ಚು. ಎದೆಹಾಲು ಇಳಿಯುವುದು ಹಲವರಿಗೆ ತಡವಾಗುತ್ತದೆ. ಆ ಎರಡು ಮೂರು ದಿನ ಯಾರೂ ಜೊತೆಗೆ ನಿಲ್ಲದಿದ್ದರೆ ಡಬ್ಬಿಹಾಲು ಮನೆ ಹೊಕ್ಕುತ್ತದೆ. ಮೊದಲ ತಿಂಗಳುಗಳಲ್ಲಿ ತೂಕ ಸರಸರನೆ ಏರಿದ ಮಕ್ಕಳಿಗೆ ಮುಂದೆ ಬೊಜ್ಜು ಬರುವ ಸಾಧ್ಯತೆ ಜಾಸ್ತಿ. ಹಾಗೆಂದು 'ತಾಯಿಯಂತೆ ಮಗಳು, ನೂಲಿನಂತೆ ಸೀರೆ' ಎಂದು ಕೈಚೆಲ್ಲಬೇಕಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಹಸಿವಿನ ಅಳು ಯಾವುದು, ಹೊಟ್ಟೆ ತುಂಬಿದ ಗುರುತು ಯಾವುದು, ಹಾಲು ಕೊಡದೆಯೂ ಸಮಾಧಾನ ಮಾಡುವುದು ಹೇಗೆ ಎಂದು ಚೊಚ್ಚಲ ತಾಯಂದಿರಿಗೆ ಕಲಿಸಿ ನೋಡಿದರು. 2018ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ವರ್ಷ ತುಂಬುವ ಹೊತ್ತಿಗೆ ಆ ಮಕ್ಕಳ ಎತ್ತರಕ್ಕೆ ತಕ್ಕ ತೂಕದ ಅಳತೆ ಉಳಿದವರಿಗಿಂತ ತುಸು ಕಡಿಮೆಯಿತ್ತು. ದೊಡ್ಡ ವ್ಯತ್ಯಾಸವೇನಲ್ಲ.

ನಮ್ಮಲ್ಲಿ ಒಳಲೆಯ, ಅಂದರೆ ಕೂಸಿಗೆ ಕುಡಿಸುವ ಮೂತಿಯುಳ್ಳ ಬಟ್ಟಲಿನ, ವೈಭವ ನೋಡಬೇಕು. ಅಜ್ಜಿ ಕಾಲು ಚಾಚಿ ಕೂಸನ್ನು ಮಲಗಿಸಿಕೊಳ್ಳುತ್ತಾಳೆ. ಮೊಳಕೆ ಬರಿಸಿ, ಒಣಗಿಸಿ, ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ರಾಗಿಸರಿ. ಅದರಂಥ ಆಹಾರ ಲೆಸ್ಟರ್‌ನ ಯಾವ ಅಂಗಡಿಯಲ್ಲೂ ನನಗೆ ಸಿಕ್ಕಿಲ್ಲ. ಕೂಸು ತುಟಿ ಬಿಗಿಯುತ್ತದೆ, ಕತ್ತು ಹೊರಳಿಸುತ್ತದೆ. ಅತ್ತು ಬಾಯಿ ತೆರೆದ ಕ್ಷಣಕ್ಕೆ ಒಳಲೆಯ ಮೂತಿ ಒಳಗೆ! ನೆತ್ತಿಗೆ ಹತ್ತಿದರೆ ತಲೆ ಮೇಲೆ ಊದಿ ಮತ್ತೆ ಅದೇ ಕೆಲಸ. ರಾಗಿಸರಿಯಲ್ಲಿ ತಪ್ಪಿಲ್ಲ, ತಪ್ಪು ಬಟ್ಟಲು ಬರಿದಾಗಲೇಬೇಕೆಂಬ ಹಟದಲ್ಲಿದೆ. ಅದಕ್ಕೆ ಬೆರೆಸುವ ಬೆಲ್ಲವನ್ನಂತೂ ಬಿಡಬಹುದು: ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಸಿಹಿ ಬೆರೆಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ. ಆರು ತಿಂಗಳು ತುಂಬುವವರೆಗೆ ಸರಿಯೂ ಬೇಡ, ಎದೆಹಾಲು ಸಾಕು.

ಇಷ್ಟಾಗಿ ಇಂಗ್ಲೆಂಡನ್ನು ಹೊಗಳಲು ನಾನು ಹೊರಟಿಲ್ಲ. 2010ರ ಸಮೀಕ್ಷೆಯಲ್ಲಿ ಬ್ರಿಟನ್ನಿನಲ್ಲಿ ಆರು ತಿಂಗಳವರೆಗೆ ಎದೆಹಾಲನ್ನಷ್ಟೇ ಕುಡಿದ ಮಕ್ಕಳು ನೂರಕ್ಕೆ ಒಬ್ಬರು! ಇಂಗ್ಲೆಂಡಿನಲ್ಲಿ ಪ್ರಾಥಮಿಕ ಶಾಲೆ ಮುಗಿಸುವ ಹೊತ್ತಿಗೆ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಕ್ಕಳಿಗೆ ಬೊಜ್ಜು. ಸಲಹೆ ಕೊಡುವವರಿದ್ದಾರೆ, ರಾತ್ರಿ ಮೂರಕ್ಕೆ ಕೂಸನ್ನು ಎತ್ತಿಕೊಳ್ಳುವ ಕೈಗಳಿಲ್ಲ. ತವರಿನ ಬಾಣಂತನ ಆ ಕೈಗಳನ್ನು ಕೊಡುತ್ತದೆ. ಕೊಬ್ಬರಿ, ತುಪ್ಪ, ಅಂಟಿನುಂಡೆ ಅತಿಯಾಗುತ್ತವೆ, ನಿಜ. ಆದರೂ ಹೆರಿಗೆಯಾದ ಹೆಣ್ಣು ಒಂಟಿಯಲ್ಲ.

ಅಂಗನವಾಡಿ ವ್ಯವಸ್ಥೆ ಹುಟ್ಟಿದ್ದು 1975ರಲ್ಲಿ, ಸೊರಗಿದ ಮಕ್ಕಳನ್ನು ಹುಡುಕಲು. ಆ ಕೆಲಸ ಇನ್ನೂ ಮುಗಿದಿಲ್ಲ. ಆದರೆ ತಾಯಿ ಕಾರ್ಡ್‌ನ ತೂಕದ ನಕ್ಷೆಯಲ್ಲಿ ಅತಿತೂಕದ ಕೂಸಿಗೆ ಎಚ್ಚರಿಕೆಯ ಬಣ್ಣವಿಲ್ಲ. ತೂಕವನ್ನು ಉದ್ದದ ಜೊತೆ ಇಟ್ಟು ನೋಡಿದಾಗಲೇ ಅದು ಕಾಣುವುದು. ತಾಯಿಗೆ 'ನೀನು ದಪ್ಪ, ಅದಕ್ಕೇ ಹಾಲಿಲ್ಲ' ಎನ್ನುವ ಬಾಯಿಗಳು ಬೇಕಾದಷ್ಟಿವೆ. ತಾಲ್ಲೂಕು ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೊದಲ ಮೂರು ದಿನ ಪಕ್ಕದಲ್ಲಿ ಕೂತು, ಕೂಸನ್ನು ಎದೆಗೆ ಹಚ್ಚಲು ಕಲಿಸುವ ಒಬ್ಬ ನರ್ಸ್ ಸಿಕ್ಕರೆ ಡಬ್ಬಿಹಾಲಿನ ಮಾತೇ ಎಷ್ಟೋ ಮನೆಗಳಲ್ಲಿ ಏಳುವುದಿಲ್ಲ.