ಯುಪಿಐ ಜಮೆ ನೋಡಿ ಜಿಎಸ್‌ಟಿ ನೋಟಿಸು: ಸರಿಯೋ, ತಪ್ಪೋ?

2025ರ ಜುಲೈನಲ್ಲಿ ರಾಜ್ಯ ವಾಣಿಜ್ಯ ತೆರಿಗೆ ಇಲಾಖೆ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿ, ಕೊನೆಗೆ ತರಕಾರಿ ಮಾರುವವರಿಗೂ ನೋಟಿಸು ಕಳಿಸಿತು. 2021-22ರಿಂದ 2024-25ರವರೆಗೆ ಅವರ ಖಾತೆಗೆ ಯುಪಿಐ ಮೂಲಕ ಬಂದ ಹಣವೇ ಆಧಾರ. ಬೆಂಗಳೂರಿನ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ಕ್ಯಾಶ್ ಮಾತ್ರ’ ಎಂಬ ಚೀಟಿಗಳು ಕಾಣಿಸಿಕೊಂಡವು, ಬಂದ್‌ಗೂ ಕರೆ ಬಂತು. 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು, ಹಳೇ ಬಾಕಿ ವಸೂಲಿ ಮಾಡುವುದಿಲ್ಲ, ಆದರೆ ವಹಿವಾಟಿನ ಮಿತಿ ದಾಟಿದವರು ನೋಂದಣಿ ಆಗಲೇಬೇಕು ಎಂದ ಮೇಲೆ ಗಲಾಟೆ ತಣ್ಣಗಾಯಿತು. ಪ್ರಶ್ನೆ ಮಾತ್ರ ಹಾಗೇ ಇದೆ.

ಪರ: ಅಂಕಿ ಕೈಲಿದ್ದೂ ಸುಮ್ಮನಿರಬೇಕೆ?

ದುಡ್ಡು ಸ್ಕ್ಯಾನ್ ಮಾಡಿ ಬಂತೋ, ಗಲ್ಲಾಪೆಟ್ಟಿಗೆಗೆ ಬಿತ್ತೋ ಎಂದು ಕಾನೂನು ಕೇಳುವುದಿಲ್ಲ. ಬರೀ ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ. 40 ಲಕ್ಷ ಎಂದರೆ ವರ್ಷದ 365 ದಿನವೂ ಹತ್ತಿರಹತ್ತಿರ 11 ಸಾವಿರದ ವ್ಯಾಪಾರ. ಕ್ಯೂಆರ್ ಒಂದರಲ್ಲೇ ಅಷ್ಟು ಬಂದಿದ್ದರೆ, ನಗದೂ ಸೇರಿದಾಗ ಇನ್ನೂ ಹೆಚ್ಚೇ ಆಗಿರುತ್ತದೆ.

ದಾಟಿದವರ ತಲೆ ಮೇಲೆ ಬಂಡೆಯೇನೂ ಬೀಳುವುದಿಲ್ಲ. ಒಂದೂವರೆ ಕೋಟಿ ವಹಿವಾಟಿನವರೆಗೆ ಕಾಂಪೊಸಿಷನ್ ಪದ್ಧತಿ ಇದೆ, ಅಂದರೆ ವಹಿವಾಟಿನ ಮೇಲೆ ಒಂದು ಸಣ್ಣ ದರದ ತೆರಿಗೆ. ನೋಂದಣಿ ಅರ್ಜಿ ಹಾಕುವಾಗಲೇ ಅದನ್ನು ಆಯ್ದುಕೊಳ್ಳಬಹುದು. ಸರಕು ಮಾರುವವರಿಗೆ ಶೇ 1, ಹೋಟೆಲಿಗೆ ಶೇ 5. ಮೂರು ತಿಂಗಳಿಗೊಮ್ಮೆ ಸಿಎಂಪಿ-08 ನಮೂನೆ ಭರ್ತಿ ಮಾಡಿ ದುಡ್ಡು ಕಟ್ಟುವುದು, ವರ್ಷಕ್ಕೊಂದು ಜಿಎಸ್‌ಟಿಆರ್-4 ರಿಟರ್ನ್. ಗಿರಾಕಿಯಿಂದ ಪ್ರತ್ಯೇಕ ತೆರಿಗೆ ವಸೂಲಿ ಮಾಡುವಂತಿಲ್ಲ, ಅಷ್ಟೇ. 60 ಲಕ್ಷ ವ್ಯಾಪಾರದ ಅಂಗಡಿಗೆ ಇದು ವರ್ಷಕ್ಕೆ 60 ಸಾವಿರ. ಅದೇ ಬೀದಿಯಲ್ಲಿ ಇದನ್ನು ಕಟ್ಟಿಕೊಂಡೇ ಬಂದವನ ಮುಖ ನೋಡಿ, ಕಟ್ಟದವನಿಗೆ ನೋಟಿಸು ಕೊಟ್ಟದ್ದು ಅನ್ಯಾಯ ಎನ್ನುವುದು ಹೇಗೆ?

ನೋಟಿಸು ಅಂತಿಮ ಆದೇಶವಲ್ಲ ಎನ್ನುವುದನ್ನೂ ಗದ್ದಲದಲ್ಲಿ ಎಲ್ಲರೂ ಮರೆತರು. ನೋಂದಣಿ ಇಲ್ಲದವರ ಮೇಲೆ ತೆರಿಗೆ ನಿರ್ಧರಿಸುವ ಜಿಎಸ್‌ಟಿ ಕಾಯ್ದೆಯ ಕಲಂ 63ರಲ್ಲೇ, ವಿವರಣೆಗೆ ಅವಕಾಶ ಕೊಡದೆ ಆದೇಶ ಮಾಡಬಾರದು ಎಂದಿದೆ. ತಾಜಾ ತರಕಾರಿ, ಹಣ್ಣಿನಂಥ ತೆರಿಗೆ ಇಲ್ಲದ ಸರಕನ್ನಷ್ಟೇ ಮಾರುವವನಿಗೆ, ಕೋಟಿ ದಾಟಿದರೂ, ಕಲಂ 23ರ ಪ್ರಕಾರ ನೋಂದಣಿಯೇ ಬೇಕಿಲ್ಲ. ಮಂಡಿಯ ಖರೀದಿ ಚೀಟಿಗಳ ಜೊತೆ ಒಂದು ಪುಟದ ಉತ್ತರ ಕೊಟ್ಟರೆ ಮುಗಿಯಿತು.

ನೀತಿ ರೂಪಿಸುವುದಕ್ಕೂ ಇದೇ ಅಂಕಿ ಬೇಕು. 40 ಲಕ್ಷದ ಮಿತಿ ಬಂದದ್ದು 2019ರಲ್ಲಿ. ಆಮೇಲೆ ಬೆಲೆ ಎಷ್ಟು ಏರಿದೆ ಎಂಬುದು ಗೊತ್ತೇ ಇದೆ. ಮಿತಿ ಏರಿಸಿ ಎಂದು ಜಿಎಸ್‌ಟಿ ಮಂಡಳಿಯ ಮುಂದೆ ಬರಿಗೈಲಿ ಹೋಗಿ ವಾದಿಸಲಾಗುವುದಿಲ್ಲ.

ವಿರೋಧ: ಜಮೆಯೆಲ್ಲ ವ್ಯಾಪಾರವಲ್ಲ

ಅಂಗಡಿಯವನ ಖಾತೆಗೆ ಬರುವ ಹಣದಲ್ಲಿ ಚೀಟಿ ಎತ್ತಿದ ದುಡ್ಡಿರುತ್ತದೆ, ಭಾವಮೈದುನ ತೀರಿಸಿದ ಕೈಸಾಲ ಇರುತ್ತದೆ. ‘ಅಣ್ಣ, ಸ್ಕ್ಯಾನ್ ಮಾಡ್ತೀನಿ, ಎರಡು ಸಾವಿರ ಕ್ಯಾಶ್ ಕೊಡಿ’ ಎಂದವನದ್ದೂ ಇರುತ್ತದೆ. ಅಣ್ಣತಮ್ಮಂದಿರ ಎರಡು ಅಂಗಡಿಗೆ ಒಂದೇ ಕ್ಯೂಆರ್ ಇರುವುದೂ ಉಂಟು. ಬೇಕರಿಯ ಅದೇ ಕ್ಯೂಆರ್‌ಗೆ ತೆರಿಗೆಯಿಲ್ಲದ ಹಾಲು, ಬ್ರೆಡ್ಡಿನ ದುಡ್ಡೂ ಬೀಳುತ್ತದೆ, ಆಗ ಶೇ 18 ಇದ್ದ ಬಿಸ್ಕತ್ತಿನದೂ ಬೀಳುತ್ತದೆ. ನೋಂದಣಿಯ ಮಿತಿಗೆ ಎರಡೂ ಲೆಕ್ಕಕ್ಕೆ ಬರುತ್ತವೆ, ಸರಿ. ತೆರಿಗೆಗೆ ಬರುವುದು ಒಂದೇ. ಯುಪಿಐ ದತ್ತಾಂಶದಲ್ಲಿ ಇವೆರಡನ್ನು ಬಿಡಿಸುವ ಕಾಲಂ ಇಲ್ಲ.

ಶೇ 1 ಎನ್ನುವ ಸಮಾಧಾನ ಮುಂದಿನ ದಿನಗಳಿಗೆ ಮಾತ್ರ. ಹಿಂದಿನ ವರ್ಷಗಳಿಗೆ ಕಾಂಪೊಸಿಷನ್ ಸಿಗುವುದಿಲ್ಲ. ಬಿಸ್ಕತ್ತು, ಚಾಕೊಲೇಟಿನಂಥ, ಆಗ ಶೇ 18 ಇದ್ದ ಸರಕನ್ನಷ್ಟೇ ಮಾರುವ ಅಂಗಡಿ ವರ್ಷಕ್ಕೆ 60 ಲಕ್ಷ ವ್ಯಾಪಾರ ಮಾಡಿದೆ ಎನ್ನಿ. ಮಾರಿದ ಬೆಲೆಯಲ್ಲೇ ತೆರಿಗೆ ಸೇರಿದೆ ಎಂದು ಹಿಡಿದರೂ 60 ಲಕ್ಷಕ್ಕೆ 18 ಗುಣಿಸಿ 118ರಿಂದ ಭಾಗಿಸಬೇಕು: ಸುಮಾರು 9 ಲಕ್ಷ 15 ಸಾವಿರ. ಮೇಲೆ ಬಡ್ಡಿ, ದಂಡ. ಆದರೆ ಈ ಸರಕಿಗೆ ಡಿಸ್ಟ್ರಿಬ್ಯೂಟರ್ ಹತ್ತಿರ ಖರೀದಿಸುವಾಗಲೇ ಜಿಎಸ್‌ಟಿ ಕಟ್ಟಿ ಆಗಿದೆ. ಸರ್ಕಾರಕ್ಕೆ ತಪ್ಪಿದ್ದು ಅಂಗಡಿಯವನ ಲಾಭದ ಪಾಲಿನ ಮೇಲಿನ ತೆರಿಗೆ ಮಾತ್ರ. ಲಾಭ ನೂರಕ್ಕೆ ಹತ್ತು ಎಂದುಕೊಂಡರೆ ಅದು ಸುಮಾರು 92 ಸಾವಿರ. ಹಾಗಾದರೆ ಖರೀದಿಯ ತೆರಿಗೆ ಕಳೆದುಕೊಡಿ ಎಂದರೆ ಅದಕ್ಕೂ ದಾರಿಯಿಲ್ಲ. ಮಿತಿ ದಾಟಿದ 30 ದಿನದೊಳಗೆ ಅರ್ಜಿ ಹಾಕಿದ್ದರೆ ಅಂಗಡಿಯಲ್ಲಿದ್ದ ದಾಸ್ತಾನಿನ ಮೇಲಾದರೂ ಈ ಕಡಿತ (ಇನ್‌ಪುಟ್ ಕ್ರೆಡಿಟ್) ಸಿಗುತ್ತಿತ್ತು. ನಾಲ್ಕು ವರ್ಷ ಸುಮ್ಮನಿದ್ದು ಈಗ ಎಚ್ಚರಿಸಿದರೆ ಆ ಬಾಗಿಲು ಮುಚ್ಚಿರುತ್ತದೆ. ಬಾಗಿಲು ತೆರೆದಿದ್ದಾಗ ಒಂದು ಎಸ್‌ಎಂಎಸ್ ಕಳಿಸಿದ್ದರೆ ಸಾಕಿತ್ತು.

ಮಿತಿಯಲ್ಲೂ ಒಂದು ಸಿಕ್ಕು ಇದೆ. 40 ಲಕ್ಷ ಬರೀ ಸರಕು ಮಾರುವವರಿಗೆ. ಕಾಂಡಿಮೆಂಟ್ಸ್‌ನ ಮೂಲೆಯಲ್ಲಿ ಸ್ಟೌ ಇಟ್ಟು ಟೀ ಕಾಯಿಸಿ ಕೊಟ್ಟರೆ ಅದು ಸೇವೆ, ಮಿತಿ 20 ಲಕ್ಷಕ್ಕೆ ಇಳಿಯುತ್ತದೆ. ದಿನಕ್ಕೆ 5,500 ರೂಪಾಯಿ ವ್ಯಾಪಾರ, ಅಷ್ಟಕ್ಕೇ ದಾಟಿ ಹೋಗುತ್ತದೆ. ಸ್ಟೌ ಹಚ್ಚುವವನಿಗೆ ಇದನ್ನು ಹೇಳಿದವರು ಯಾರು?

ನೀತಿಗೆ ಅಂಕಿ ಬೇಕು ಎನ್ನುವುದು ನಿಜ. ಆದರೆ ಮಿತಿ ಎಷ್ಟಿರಬೇಕು ಎಂದು ತೀರ್ಮಾನಿಸಲು ಅಂಗಡಿಯವನ ಹೆಸರು, ಖಾತೆ ಬೇಡ. ಎಷ್ಟು ಅಂಗಡಿಗಳು 35ರಿಂದ 45 ಲಕ್ಷದ ನಡುವೆ ಇವೆ, ಯಾವ ತಾಲ್ಲೂಕಿನಲ್ಲಿ, ಯಾವ ಬಗೆಯವು ಎಂಬ ಒಟ್ಟು ಲೆಕ್ಕ ಸಾಕು. ಹೆಸರು ಬೇಕಾಗುವುದು ಪತ್ರ ಬರೆಯುವಾಗ. ಆ ಮೊದಲ ಪತ್ರದಲ್ಲಿ ಬಾಕಿಯ ಮೊತ್ತ ಇರಬಾರದು. ತಿಂಗಳುವಾರು ಜಮೆಯ ಪಟ್ಟಿ, ಪಕ್ಕದಲ್ಲಿ ‘ಮಾರಾಟ, ತೆರಿಗೆರಹಿತ ಮಾರಾಟ, ಸಾಲ, ಇತರೆ’ ಎಂದು ತುಂಬಲು ಖಾಲಿ ಮನೆಗಳು, ಕೆಳಗೆ ನೋಂದಣಿ ಮಾಡಿಸುವ ವಿಧಾನ, ಎಲ್ಲವೂ ಕನ್ನಡದಲ್ಲಿ. ಅದು ತಲುಪಬೇಕಾದದ್ದು ಕ್ಯೂಆರ್ ಜಮೆ ಮಿತಿಯನ್ನು ದಾಟಿದ ತಿಂಗಳಲ್ಲೇ.